ಯಮೀಲೆ ಮಾರಿದ ಮದುವೆ ಗೌನು

ಯಮೀಲೆ ಹರಾರಿಯ ಮನೆಯ ಹಿಂದಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ಒಂದು ಬೀರು. ಅದರೊಳಗೆ ಇಪ್ಪತ್ತಾರು ಮದುವೆ ಗೌನುಗಳು. ಮೆಕ್ಸಿಕೋ ನಗರದ ರೋಮಾ ಬಡಾವಣೆಯಲ್ಲಿ, ಅಲೆಪ್ಪೊದಿಂದ ಬಂದು ನೆಲೆಸಿದ ಯಹೂದಿಗಳ ನಡುವೆ, ಮಗಳಿಗೆ ಮದುವೆ ಗೊತ್ತಾಗಿ ಗೌನಿಗೆ ಗತಿಯಿಲ್ಲದ ತಾಯಂದಿರು ಸದ್ದಿಲ್ಲದೆ ಆ ಮೂರನೇ ಮಹಡಿ ಹತ್ತುತ್ತಿದ್ದರು. ಯಮೀಲೆ ಹೊಲಿಗೆಯವಳಾದ್ದರಿಂದ ಮೆಟ್ಟಿಲ ಮೇಲೆ ಯಾರು ಎದುರಾದರೂ, "ಬ್ಲೌಸ್ ಹೊಲಿಸೋದಿತ್ತು" ಎಂದರೆ ಮುಗಿಯಿತು.

ಬೀರು ಅವಳ ತಾಯಿ ಬಹೀಯೆಯಿಂದ ಬಂದದ್ದು. ಸಾಯುವ ಮೊದಲು ಬೀಗದ ಕೈ ಕೊಡುತ್ತಾ ತಾಯಿ ಹೇಳಿದ್ದಳು: "ಇದು ದಯೆ ಅಂದ್ಕೋಬೇಡ. ಅವರಿಗೆ ಸೇರಬೇಕಾದ್ದು ಅವರಿಗೆ ಸೇರ್ತಿದೆ, ಅಷ್ಟೆ. ಕೊಟ್ಟವಳಿಗೆ ಉಟ್ಟವಳು ಗೊತ್ತಾಗಬಾರದು, ಉಟ್ಟವಳಿಗೆ ಕೊಟ್ಟವಳು ಗೊತ್ತಾಗಬಾರದು. ನಡುವೆ ನೀನು ಕುರುಡಿ, ನೀನು ಮೂಗಿ."

ಹಾಗಾಗಿ ಬೀರುವಿಗೆ ಯಾವ ಪುಸ್ತಕವೂ ಇರಲಿಲ್ಲ, ಹೆಸರು ಬರೆಯುವ ರೂಢಿಯೂ ಇರಲಿಲ್ಲ. ಯಾರಾದರೂ ಹೊಸ ಗೌನು ಕೊಟ್ಟರೆ ಯಮೀಲೆ ಮೊದಲು ಅದರ ಗುರುತು ಅಳಿಸುತ್ತಿದ್ದಳು. ತೋಳು ಬಿಚ್ಚಿ ಬೇರೆ ತೋಳು ಕೂರಿಸುವುದು, ಕೊರಳಿನ ಆಕಾರ ಬದಲಿಸುವುದು, ಲೇಸು ಕಿತ್ತು ಇನ್ನೊಂದು ಹಚ್ಚುವುದು. ಗೌನು ಕೊಟ್ಟ ತಾಯಿಯೇ, ತನ್ನ ಮಗಳ ಗೌನು ಉಟ್ಟ ಮದುಮಗಳ ಪಕ್ಕ ಕೂತು ಊಟ ಮಾಡಿ, ಗುರುತಿಸದೆ ಎದ್ದು ಹೋದದ್ದಿದೆ. ಅದು ಅವಳ ಕೈಯ ಹೆಮ್ಮೆ.

ಆ ಹೆಮ್ಮೆಯೇ ಒಮ್ಮೆ ಕೈಕೊಟ್ಟಿತು. ಬಾಲ್ಯದ ಗೆಳತಿ ಸೆಲಿಯಾ ದ್ವೇಕ್ ತನ್ನ ಮಗಳು ಎಸ್ತೇರಳ ಗೌನು ತಂದುಕೊಟ್ಟಳು. ಅಂಚಿನುದ್ದಕ್ಕೂ ಬಿಳಿ ರೇಷ್ಮೆಯಲ್ಲಿ ಬಿಳಿ ದಾಳಿಂಬೆಗಳ ಕಸೂತಿ, ಹತ್ತಿರ ಹೋದರಷ್ಟೇ ಕಾಣುವಂಥದ್ದು. ಯಮೀಲೆ ತೋಳು ಬದಲಿಸಿದಳು, ಕೊರಳು ಬದಲಿಸಿದಳು. ಕಸೂತಿ ಬಿಚ್ಚಲು ಮೂರು ಸಲ ಕತ್ತರಿ ಎತ್ತಿ ಮೂರು ಸಲವೂ ಕೆಳಗಿಟ್ಟಳು. ಇಂಥ ಕೆಲಸವನ್ನು ಹಾಳು ಮಾಡಲು ಅವಳ ಕೈ ಬರಲಿಲ್ಲ. ಗೌನು ನಾಜ್ಲಿ ಅಂತೇಬಿಯ ಮಗಳು ಪೆರ್ಲಾಳಿಗೆ ಹೋಗುವುದಿತ್ತು. ಆ ಹೊತ್ತಿಗೆ ಸೆಲಿಯಾ ಮಗಳ ಬಾಣಂತನಕ್ಕೆ ಮಯಾಮಿಯಲ್ಲಿರುತ್ತಾಳೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ನಾಜ್ಲಿಯ ಗಂಡ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದ, ಬಟ್ಟೆ ಅಂಗಡಿ ಮುಚ್ಚಿತ್ತು. ಊರಿಗೆ ಅವರು ಹೇಳಿದ್ದು, ವ್ಯಾಪಾರ ಸಾಕೆಂದು ವಿಶ್ರಾಂತಿ ತೆಗೆದುಕೊಂಡಿದ್ದಾರೆ ಎಂದು. ಗಂಡಿನ ಮನೆಯವರು ಅನುಕೂಲಸ್ಥರು. ಹುಡುಗನ ತಾಯಿ ಮತೀಲ್ದೆಗೂ ಅಷ್ಟೇ ಗೊತ್ತಿದ್ದದ್ದು.

ಮದುವೆಯ ದಿನ ಪ್ರಾರ್ಥನಾಮಂದಿರವಾದ ಸಿನಗಾಗ್‌ನ ಸಭಾಂಗಣ ತುಂಬಿತ್ತು. ಶಾಸ್ತ್ರ ಮುಗಿದು, ವರ ಗಾಜಿನ ಲೋಟ ತುಳಿದು ಒಡೆದು, ಜನ ಊಟಕ್ಕೆ ಕೂತಿದ್ದರು. ಯಮೀಲೆ ಕೂತಿದ್ದ ಹೆಂಗಸರ ಮೇಜಿಗೆ ಕಿಬ್ಬೆಯ, ಮಾಂಸ ತುಂಬಿದ ಕರಿದ ಉಂಡೆಗಳ, ತಟ್ಟೆಗಳು ಬರುತ್ತಿದ್ದವು. ಪೆರ್ಲಾ ಒಬ್ಬೊಬ್ಬರ ಹತ್ತಿರ ಬಗ್ಗಿ ಮುತ್ತು ಕೊಡಿಸಿಕೊಳ್ಳುತ್ತಾ ಬರುತ್ತಿದ್ದಳು. ಆಗ ಬಾಗಿಲಲ್ಲಿ ಸೆಲಿಯಾ ಕಾಣಿಸಿದಳು. ಮೊಮ್ಮಗ ಹತ್ತು ದಿನ ಮುಂಚೆಯೇ ಹುಟ್ಟಿದ್ದನಂತೆ. ಗಂಡಿನ ಕಡೆಯ ನೆಂಟಸ್ತಿಕೆ ತಪ್ಪಿಸಬಾರದೆಂದು ವಿಮಾನ ಹತ್ತಿ ಬಂದಿದ್ದಳು.

ಯಮೀಲೆ ಏಳಬೇಕೆಂದುಕೊಂಡಳು. ಆದರೆ ಸೆಲಿಯಾ ಆಗಲೇ ಮೇಜಿನ ಹತ್ತಿರ ಬಂದಿದ್ದಳು.

ಸೆಲಿಯಾ ಮದುಮಗಳನ್ನು ತಬ್ಬಿಕೊಂಡಳು. ಹಿಂದೆ ಸರಿದು ನೋಡಿದಳು. ಬಗ್ಗಿ ಗೌನಿನ ಅಂಚನ್ನು ಬೆರಳಲ್ಲಿ ಎತ್ತಿ ಹಿಡಿದಳು.

"ಅಯ್ಯೋ, ಇದು ನಮ್ಮ ಎಸ್ತೇರ್‌ದಲ್ವಾ" ಎಂದಳು, ಮುಖವರಳಿಸಿಕೊಂಡು. "ಮತೀಲ್ದೆ, ನೋಡೇ ಇಲ್ಲಿ. ಯಮೀಲೆಯ ಬೀರುಗೆ ನಾನೇ ಕೊಟ್ಟಿದ್ದು. ಎಷ್ಟು ಚೆನ್ನಾಗಿ ಒಪ್ಪಿದೆ ಹುಡುಗಿಗೆ."

ಅವಳ ದನಿಯಲ್ಲಿ ಒಂದು ಹನಿ ವಿಷವಿರಲಿಲ್ಲ. ಸಂತೋಷದಲ್ಲಿ ಬಾಯಿ ಜಾರಿತ್ತು, ಅಷ್ಟೆ. ಆದರೆ ಮೇಜಿನ ಮಾತು ಒಮ್ಮೆಲೇ ನಿಂತಿತು. ಪೆರ್ಲಾಳ ಮುಖದಲ್ಲಿದ್ದ ಕೆಂಪು ಎಲ್ಲಿ ಹೋಯಿತೋ. ತುಟಿ ಕೂಡ ಬೆಳ್ಳಗಾಯಿತು. ನಾಜ್ಲಿ ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು, ಇಡಬೇಕೆಂದು ಅವಳಿಗೆ ತೋಚಲಿಲ್ಲ. ಮತೀಲ್ದೆ ನಿಧಾನವಾಗಿ ಸೊಸೆಯಿಂದ ಬೀಗಿತ್ತಿಯ ಕಡೆ ತಿರುಗಿ, "ಬೀರು ಅಂದ್ರೆ?" ಎಂದಳು.

ನಾನು ಬಿಚ್ಚದೆ ಬಿಟ್ಟ ದಾರ ಆ ಹುಡುಗಿಯ ಕೊರಳಿಗೆ ಸುತ್ತಿಕೊಂಡಿತು ಎಂದಷ್ಟೇ ಯಮೀಲೆಗೆ ಹೊಳೆಯಿತು. ಮುಂದಿನದನ್ನು ಅವಳು ಯೋಚಿಸಿ ಆಡಲಿಲ್ಲ.

"ನೀನು ಕೊಟ್ಟಿದ್ದು ಹೌದು, ಸೆಲಿಯಾ" ಎಂದಳು ಎದ್ದು ನಿಂತು. "ನಾನು ಮಾರ್ಕೊಂಡೆ."

"ಏನಂದೆ?"

"ಮಾರ್ಕೊಂಡೆ. ನಾಜ್ಲಿ ಹೊಸ ಗೌನು ಹೊಲಿಯೋಕೆ ಹೇಳಿದ್ಲು, ಪೂರ್ತಿ ಕಾಸು ಕೊಟ್ಟಿದ್ಲು. ಇದನ್ನೇ ಹೊಸದು ಅಂತ ಕೊಟ್ಟೆ. ಅವಳಿಗೇನು ಗೊತ್ತು ಪಾಪ."

ಇಡೀ ಮೇಜಿನ ಕಣ್ಣುಗಳು ಮದುಮಗಳನ್ನು ಬಿಟ್ಟು ಯಮೀಲೆಯ ಮೇಲೆ ಬಿದ್ದವು. ಯಾರೋ ಅರಬ್ಬಿಯಲ್ಲಿ, "ಬಹೀಯೆಯ ಮಗಳಾಗಿ ಹೀಗೆ" ಎಂದು ಗೊಣಗಿದರು. ಮತೀಲ್ದೆಯೇ ಮೊದಲು ಚೇತರಿಸಿಕೊಂಡು ನಾಜ್ಲಿಯ ಭುಜ ಹಿಡಿದಳು. "ಬಿಡಿ, ಮನಸ್ಸಿಗೆ ಹಚ್ಕೋಬೇಡಿ. ನಿಮ್ಮಂಥವರಿಗೂ ಟೋಪಿ ಹಾಕೋ ಜನ ಇದ್ದಾರಲ್ಲ."

ಯಮೀಲೆ ತನ್ನ ಚೀಲ ತೆಗೆದುಕೊಂಡು, ಮೇಜುಗಳ ನಡುವೆ ಹಾದು ಹೊರಗೆ ಹೋದಳು. ಬಾಗಿಲವರೆಗಿನ ಆ ದೂರದಲ್ಲಿ ಒಬ್ಬರೂ ಅವಳನ್ನು ಮಾತಾಡಿಸಲಿಲ್ಲ.

ಮೂರನೇ ದಿನ ಸಮುದಾಯದ ಮಹಿಳಾ ಮಂಡಳಿಯ ನಾಲ್ವರು ಬಂದರು, ಮುಂದೆ ಸೆಲಿಯಾ. ಯಮೀಲೆ ಕೇಳುವ ಮೊದಲೇ ಬೀಗದ ಕೈ ಮೇಜಿನ ಮೇಲಿಟ್ಟಳು.

"ಇನ್ನೆಷ್ಟು ಮಾರಿದ್ದೀಯ?" ಎಂದಳು ಸೆಲಿಯಾ.

"ಅದೊಂದೇ."

"ಇಲ್ಲದವರ ಬಟ್ಟೆ ಮಾರ್ಕೊಂಡು ತಿನ್ನೋಷ್ಟು ಹೊಟ್ಟೆಗಿಲ್ಲದೆ ಹೋಯ್ತಾ ನಿನಗೆ? ನನ್ನ ಕೇಳಿದ್ರೆ ನಾನು ಕೊಡ್ತಿರಲಿಲ್ವಾ? ನನಗೆ ಕೈಚಾಚಿ ಗೊತ್ತಿಲ್ಲ ಕಣೇ, ಚಾಚೋರನ್ನ ನೋಡಿದ್ರೆ ಕನಿಕರ ಬರುತ್ತೆ. ನಿನ್ನ ನೋಡಿದ್ರೆ ಅದೂ ಬರ್ತಿಲ್ಲ."

ಯಮೀಲೆಯ ನಾಲಿಗೆಯ ತುದಿಗೆ ಒಂದು ಮಾತು ಬಂದಿತ್ತು. ಮೂವತ್ತೈದು ವರ್ಷದ ಹಿಂದೆ ಸೆಲಿಯಾ ಮದುವೆಯಾದಾಗ ಉಟ್ಟ ಗೌನು ಇದೇ ಬೀರುವಿನದು. ಅದರ ಕೊರಳಪಟ್ಟಿಯನ್ನು ಹೊಲಿದದ್ದು ಇಪ್ಪತ್ತು ದಾಟಿದ್ದ ಯಮೀಲೆಯೇ. ಸೆಲಿಯಾಳ ತಾಯಿ ಮಗಳಿಗೆ ಪೇಟೆಯಲ್ಲಿ ಹೊಲಿಸಿದ್ದೆಂದು ಹೇಳಿದ್ದಳು. ಸೆಲಿಯಾ ಇಂದಿಗೂ ನಂಬಿದ್ದಳು. ಒಂದೇ ವಾಕ್ಯ ಸಾಕಿತ್ತು. ಅದನ್ನು ಹೇಳಲು ತನಗೆಷ್ಟು ಆಸೆಯಿದೆ ಎಂಬುದು ಗೊತ್ತಾಗಿ ಯಮೀಲೆಗೇ ಭಯವಾಯಿತು. ಕುರ್ಚಿಯ ಬೆನ್ನು ಬಿಗಿಯಾಗಿ ಹಿಡಿದು, "ಗೌನುಗಳನ್ನ ಮಡಿಸಬೇಡಿ, ನೇತುಹಾಕಿಕೊಂಡೇ ಒಯ್ಯಿರಿ" ಎಂದಷ್ಟೇ ಹೇಳಿದಳು.

ಆಮೇಲೆ ಹೊಲಿಗೆಗೆ ಬರುವವರು ಕಡಿಮೆಯಾದರು. ಶನಿವಾರ ಸಿನಗಾಗ್‌ನಲ್ಲಿ ಅವಳ ಅಕ್ಕಪಕ್ಕದ ಜಾಗ ಖಾಲಿ ಉಳಿಯತೊಡಗಿತು. ನಾಜ್ಲಿ ಒಂದು ಸಂಜೆ ಅಳುತ್ತಾ ಬಂದಳು.

"ಅಕ್ಕ, ನನ್ನಿಂದ ಆಗ್ತಿಲ್ಲ. ಎಲ್ಲರ ಮುಂದೆ ನಿಜ ಹೇಳಿಬಿಡ್ತೀನಿ."

"ಹೇಳು. ಆಮೇಲೆ ನಾನು ಸುಳ್ಳು ಹೇಳಿದ್ದು ಯಾವ ಸುಖಕ್ಕೆ?" ಎಂದು ಯಮೀಲೆ ಗದರಿದಳು. "ತಪ್ಪು ನಂದೇ ಇತ್ತು ಕಣೇ. ಮುಖ ತೊಳ್ಕೊಂಡು ಮನೆಗೆ ಹೋಗು."

ಎರಡು ತಿಂಗಳಾದ ಮೇಲೆ ಸೆಲಿಯಾ ಒಬ್ಬಳೇ ಬಂದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು, ಕೂರೆಂದರೂ ಕೂರಲಿಲ್ಲ.

"ನಾಜ್ಲಿ ಮನೆಗೆ ಹೋಗಿದ್ದೆ. ನಿನ್ನಿಂದ ಅವಳ ದುಡ್ಡು ವಾಪಸ್ ಕೊಡಿಸ್ತೀನಿ ಅಂತ ಹೇಳೋಕೆ. ಬಾಗಿಲು ಅರ್ಧ ತೆಗೆದು ಅಡ್ಡ ನಿಂತ್ಲು. ನಾನೇ ತಳ್ಕೊಂಡು ಒಳಗೆ ಹೋದೆ. ಮನೇಲಿ ಏನೂ ಇಲ್ಲ, ಯಮೀಲೆ. ಗೋಡೆ ಮೇಲೆ ಚಿತ್ರಪಟ ಇದ್ದ ಜಾಗ ಎಲ್ಲಾ ಬೆಳ್ಳಗೆ ಕಾಣ್ತಿದೆ. ಕೂರೋಕೆ ಒಂದು ಸ್ಟೂಲು. ಅವಳು ನಿನಗೆಲ್ಲಿಂದ ಕಾಸು ಕೊಟ್ಲು?"

ಯಮೀಲೆ ಸೂಜಿಗೆ ದಾರ ಪೋಣಿಸತೊಡಗಿದಳು.

"ನಾನು ಆ ಮಗುವಿನ ಮದುವೆ ದಿನ, ಎಲ್ಲರೆದುರು ಅವಳ ಲಂಗ ಎತ್ತಿ ಹಿಡಿದು..." ಸೆಲಿಯಾ ಅಲ್ಲೇ ಬಾಗಿಲಿಗೆ ಒರಗಿದಳು. "ಈಗಲೇ ಹೋಗಿ ಹೇಳ್ತೀನಿ. ನೀನು ಕದ್ದಿಲ್ಲ ಅಂತ ಮಂಡಳಿಯಲ್ಲಿ ನಿಂತು ಹೇಳ್ತೀನಿ."

"ನಾನು ಮಾರಿಲ್ಲ ಅಂದ್ರೆ, ಗೌನು ಅವಳಿಗೆ ಹೇಗೆ ಬಂತು ಅಂತ ಮತೀಲ್ದೆ ಕೇಳ್ತಾಳೆ. ಏನು ಹೇಳ್ತೀಯ?"

ಸೆಲಿಯಾ ಒಳಗೆ ಬಂದು ಕುರ್ಚಿಯ ಮೇಲೆ ಕೂತಳು. "ಹಾಗಾದ್ರೆ ನೀನು ಕಳ್ಳಿಯಾಗೇ ಇರಬೇಕಾ?" ಎಂದಳು.

"ಇರ್ತೀನಿ. ನೀನು ಮೋಸ ಹೋದವಳಾಗೇ ಇರು. ನಿಂದು ಇನ್ನೂ ಕಷ್ಟ."

ಸೆಲಿಯಾ ಮಂಡಳಿಗೆ ಹೋಗಿ ಬೇರೆ ಮಾತಾಡಿದಳು. ಮಂಡಳಿಯವರು ಗೌನು ಒಯ್ಯುವವರ ಹೆಸರು ಬರೆದುಕೊಳ್ಳಲು ಶುರುಮಾಡಿದ್ದರು, ಒಬ್ಬ ತಾಯಿಯೂ ಬಂದಿರಲಿಲ್ಲ. ಸೆಲಿಯಾ ಆ ಹಾಳೆಗಳನ್ನು ಹರಿದುಹಾಕಿಸಿ, ಗೌನುಗಳನ್ನು ಊರಾಚೆ ಬಡಾವಣೆಯ ಇನ್ನೊಬ್ಬ ಹೊಲಿಗೆಯವಳ ಮನೆಗೆ ಸಾಗಿಸಿದಳು. ಮುಂದಿನ ಹಬ್ಬಕ್ಕೆ ಮೊದಲು ಅಲ್ಲಿನ ಗೌನು ಉಟ್ಟು ಮೂರು ಹುಡುಗಿಯರ ಮದುವೆಯಾಯಿತೆಂದು ಯಮೀಲೆಯ ಕಿವಿಗೆ ಬಿತ್ತು. ಯಾರು ಎಂದು ಅವಳು ಕೇಳಲಿಲ್ಲ.

ಅವಳಿಗೆ ನೋವಾಗಲಿಲ್ಲ ಎಂದರೆ ಸುಳ್ಳಾದೀತು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಈಗಲೂ ಹೊಲಿಗೆ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಪೆರ್ಲಾ ಕೂಡ, ಅತ್ತೆ ಜೊತೆಗಿದ್ದಾಗ ದಾರಿಯಲ್ಲಿ ಎದುರಾದರೆ, ಊರಿನವರಂತೆಯೇ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಹಾಗೆ ಮಾಡೆಂದು ಅವಳಿಗೆ ಹೇಳಿಕಳಿಸಿದ್ದು ಯಮೀಲೆಯೇ.