ಹಮಾಲ ದುರಗಪ್ಪನ ಗುಡ್ಡದ ಓಟ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಚೀಲ ಹೊರುತ್ತಿದ್ದ ದುರಗಪ್ಪನಿಗೆ ಓಟದ ಹುಚ್ಚು ಹಿಡಿಸಿದವಳು ಅವನ ಮಗಳು ಮೇಘಾ. ಹಾವೇರಿಯ ಕಾಲೇಜಿನಲ್ಲಿ ಓದುವ ಹುಡುಗಿ, ಐದು ಸಾವಿರ ಮೀಟರ್ ಓಟದಲ್ಲಿ ಇಡೀ ಜಿಲ್ಲೆಗೆ ಮೊದಲು ಬಂದವಳು. ಬೆಳಗಿನ ಜಾವ ಒಬ್ಬಳೇ ಹೋಗುವುದು ಬೇಡವೆಂದು ಜೊತೆಗೆ ಹೊರಟ ಅಪ್ಪ, ಮೋಟೆಬೆನ್ನೂರಿನ ದಾರಿಯಲ್ಲಿ ಅವಳ ಹಿಂದೆ ಏದುಸಿರು ಬಿಡುತ್ತಾ ಓಡಿ ಓಡಿ ಕೊನೆಗೆ ತಾನೂ ಓಟಗಾರನಾಗಿಬಿಟ್ಟ. ನಲವತ್ತೇಳನೆಯ ವಯಸ್ಸಿನಲ್ಲಿ ಚಡ್ಡಿ ಹಾಕಿಕೊಂಡು ರಸ್ತೆಗಿಳಿದವನನ್ನು ನೋಡಿ ಓಣಿಯವರು ಒಂದು ತಿಂಗಳು ನಕ್ಕರು. ಆಮೇಲೆ ಅವರಿಗೇ ಬೇಸರ ಬಂದು ಬಿಟ್ಟರು.

ಅಕ್ಟೋಬರಿನಲ್ಲಿ ಮೇಘಾಳ ಕಾಲಿನ ಎಲುಬಿಗೆ ಸಣ್ಣ ಬಿರುಕು ಬಿತ್ತು. ಡಿಸೆಂಬರ್ ಮುಗಿಯುವಷ್ಟರಲ್ಲಿ ಅದು ಕೂಡಿಯೂ ಕೂಡಿತು. ಇನ್ನು ಓಡಬಹುದು ಎಂದು ಡಾಕ್ಟರು ಬೆನ್ನು ತಟ್ಟಿ ಕಳಿಸಿದರು. ಆದರೆ ಹುಡುಗಿ ಓಡಬೇಕಲ್ಲ! ಜನವರಿ ಹೋಯಿತು, ಫೆಬ್ರವರಿ ಹೋಯಿತು, ಮೈದಾನದ ಕಡೆ ಮುಖವನ್ನೂ ಹಾಕಲಿಲ್ಲ. ಮನೆಯಲ್ಲಿ ಮಾತು ಕಡಿಮೆ, ನಗು ಅಂತೂ ಇಲ್ಲವೇ ಇಲ್ಲ. ಮುಂಜಾನೆ ಎದ್ದರೆ ಗೋಡೆ ನೋಡುತ್ತಾ ಕೂರುತ್ತಿದ್ದಳು.

ಮಾರ್ಚಿನಲ್ಲಿ ರಾಣೆಬೆನ್ನೂರಿನ ಯುವಕ ಸಂಘದವರು ಗುಡ್ಡದ ಓಟ ಇಟ್ಟರು. ಎಂಟು ಕಿಲೋಮೀಟರು ಡಾಂಬರು ರಸ್ತೆ, ಮೂರು ಏರು, ಕೊನೆಯದು ಜೀವ ತೆಗೆಯುವಂಥದ್ದು. ದುರಗಪ್ಪ ಅದರ ಕರಪತ್ರ ತಂದು ಮಗಳ ಮುಂದೆ ಹಿಡಿದ.

"ಇಬ್ಬರೂ ಓಡೋಣು ಬಾರವಾ."

"ಐದು ತಿಂಗಳಾತು ಸ್ಪೀಡ್ ಪ್ರಾಕ್ಟೀಸ್ ಇಲ್ಲ, ಅಪ್ಪಾ. ನನ್ನ ಹಿಂದಿದ್ದವರೆಲ್ಲ ಮುಂದ ಹೋಗ್ಯಾರ. ಈಗ ಇಳದ್ರ ನಗಿಪಾಟಲಾಗ್ತೇನಿ."

"ನಗೋವ್ರು ನಗಲಿ ಬಿಡು. ನನಗ ನಗಲಿಲ್ಲೇನು?"

"ನೀನರ ಎಲ್ಲಿ ಜೋರ್ ಓಡೀದಿ? ಮೆಣಸಿನಕಾಯಿ ಸೀಜನ್ ಶುರು ಆದಾಗಿಂದ ಒಂದು ದಿನ ಓಡೀಯೇನು?"

ಅದು ಖರೇ. ಸೀಜನ್ನಿನಲ್ಲಿ ಬ್ಯಾಡಗಿಯ ಹಮಾಲ ಜೋರಾಗಿ ಓಡುವ ಮಾತೇ ಇಲ್ಲ. ಪೇಟೆಯ ಗಾಳಿಯಲ್ಲೆಲ್ಲ ಮೆಣಸಿನಕಾಯಿಯ ಘಾಟು. ಎದೆ ತುಂಬ ಉಸಿರೆಳೆದರೆ ಸಾಕು, ನೆತ್ತಿಗೆ ಹತ್ತಿ ಕೆಮ್ಮು ಕಿತ್ತುಕೊಂಡು ಬರುತ್ತದೆ. ಅದಕ್ಕೇ ಹಮಾಲರು ಬೆನ್ನ ಮೇಲೆ ಚೀಲ ಹೊತ್ತು, ಎರಡೂ ಕೈಯಲ್ಲಿ ಅದರ ಮೂಲೆಯ ಕಿವಿಗಳನ್ನು ಹಿಡಿದು, ಮೂಗಿನಲ್ಲೇ ಸಣ್ಣಗೆ ಉಸಿರಾಡುತ್ತಾ ಪುಟುಪುಟು ಗಿಡ್ಡ ಹೆಜ್ಜೆಯಲ್ಲಿ ಓಡುತ್ತಾರೆ. ಕಟ್ಟೆ ಸಿಕ್ಕ ಕೂಡಲೇ ಬೆನ್ನು ತಿರುಗಿಸಿ ಬಗ್ಗಿ ಚೀಲ ಇಳಿಸುತ್ತಾರೆ. ಮೂರು ತಿಂಗಳು ದುರಗಪ್ಪ ಓಡಿದ್ದೆಂದರೆ ಅಷ್ಟೇ.

"ಆತು, ನನಗೂ ತಾಲೀಮಿಲ್ಲ," ಎಂದ ದುರಗಪ್ಪ. "ನಾ ಒಬ್ಬನ ಓಡ್ತೇನಿ. ಪೂರಾ ಓಡಿದ್ರ ನೀ ಮತ್ತ ಮೈದಾನಕ್ಕ ಹೋಗಬೇಕು. ಏನಂತಿ?"

ಮೇಘಾ ಅಪ್ಪನನ್ನು ಮೇಲಿಂದ ಕೆಳಗೆ ನೋಡಿದಳು. "ಎಲ್ಲೂ ನಡೀಬಾರದು. ಎಲ್ಲೂ ನಿಂದ್ರಬಾರದು. ಒಂದು ಚಣ ನಿಂತ್ರೂ ಸೋತಂಗ. ಆಮ್ಯಾಲೆ ನನಗ ಓಡು ಅಂತ ಎಂದೂ ಅನ್ನಬಾರದು."

ಆ 'ಎಂದೂ' ದುರಗಪ್ಪನಿಗೆ ಹಿಡಿಸಲಿಲ್ಲ. ಆದರೂ ಹೂಂ ಎಂದುಬಿಟ್ಟ.

ಭಾನುವಾರ ಮುಂಜಾನೆ ಓಟ ಶುರುವಾಯಿತು. ಪೇಟೆಯಲ್ಲಿ ಜೊತೆಗೆ ಚೀಲ ಹೊರುವ ಮೌಲಾಸಾಬ ತನ್ನ ಬೈಕಿನ ಹಿಂದೆ ಮೇಘಾಳನ್ನು ಕೂರಿಸಿಕೊಂಡು, ಷರತ್ತಿನ ಪಂಚನಂತೆ ಗಂಭೀರ ಮುಖ ಮಾಡಿ ಪಕ್ಕದಲ್ಲೇ ಬಂದ. ಮೊದಲ ಏರಿನಲ್ಲಿ ಜನ ದುರಗಪ್ಪನನ್ನು ಹಿಂದೆ ಹಾಕಿ ಹೋದರು. ಎರಡನೆಯದರಲ್ಲಿ ಉಳಿದವರೂ ಹೋದರು. ಎಪ್ಪತ್ತು ದಾಟಿದ ನಿವೃತ್ತ ಮಾಸ್ತರೊಬ್ಬರು ಬಿರಬಿರನೆ ನಡೆಯುತ್ತಲೇ ಅವನನ್ನು ದಾಟಿ, "ನಮಸ್ಕಾರ್ರಿ" ಎಂದು ಮುಂದೆ ಹೋದರು.

"ಏ ದುರಗಪ್ಪ, ಇದು ಓಟ ಏನೋ? ಇದಕ್ಕಿಂತ ನನ್ನ ಎಮ್ಮಿ ಲಗೂ ಬರತೈತಿ!" ಎಂದು ಮೌಲಾಸಾಬ ಕೂಗಿದ.

"ಎರಡೂ ಕಾಲು ಒಮ್ಮೆಲೇ ನೆಲ ಬಿಡಾಕತ್ತಾವಿಲ್ಲೋ ನೋಡು!" ಎಂದ ದುರಗಪ್ಪ.

ಮೇಘಾ ಬೈಕಿನಿಂದ ಬಗ್ಗಿ ನೋಡಿದಳು. ಬಿಡುತ್ತಿದ್ದವು, ಒಂದು ಬೆರಳಿನಷ್ಟು. "ಓಟನ," ಎಂದಳು ಒಲ್ಲದ ಮನಸ್ಸಿನಿಂದ.

ಮೂರನೆಯ ಏರಿನ ಬುಡದಲ್ಲಿ ಸಂಘದವರು ಬೈಕುಗಳನ್ನು ತಡೆದು, ಸುತ್ತು ದಾರಿಯಲ್ಲಿ ಮೇಲಕ್ಕೆ ಕಳಿಸಿದರು. ದುರಗಪ್ಪ ಒಬ್ಬನೇ ಆದ. ಬಿಸಿಲು ಏರಿತ್ತು, ತೊಡೆ ಕಲ್ಲಾಗಿತ್ತು, ಜೀವ ಬಾಯಿಗೆ ಬಂದಿತ್ತು. ಇನ್ನು ಆಗುವುದಿಲ್ಲ ಎನ್ನಿಸಿದಾಗ ಮೈ ತಾನಾಗಿಯೇ ಮುಂದಕ್ಕೆ ಬಾಗಿತು, ಕೈಗಳು ಹೆಗಲ ಹಿಂದಕ್ಕೆ ಹೋಗಿ ಇಲ್ಲದ ಚೀಲದ ಕಿವಿ ಹಿಡಿದವು, ಕಾಲು ಪುಟುಪುಟು ಹೆಜ್ಜೆ ಹಾಕಿದವು. ಅರೆರೆ, ಗುಡ್ಡ ಏರುತ್ತಿದೆಯಲ್ಲ! ಮುಂದೆ ಸೊಂಟ ಹಿಡಿದು ನಿಂತಿದ್ದ ನಾಲ್ಕಾರು ಜನರನ್ನು ದಾಟಿ ಅವನು ಹೋದ. ಅವನಿಗೆ ಭಾರೀ ಖುಷಿಯಾಯಿತು. ಕಣ್ಣು ನೆಲದ ಮೇಲೆ, ಮನಸ್ಸೆಲ್ಲ ಉಸಿರಿನ ಮೇಲೆ.

ಕೊನೆಯ ತಿರುವಿನಲ್ಲಿ, ಬೇವಿನ ಗಿಡದ ಕೆಳಗೆ ಒಂದು ಕಟ್ಟೆ ಇತ್ತು. ಸರಿಯಾಗಿ ಸೊಂಟದೆತ್ತರ. ದುರಗಪ್ಪ ಅದರ ಹತ್ತಿರ ಬಂದವನೇ ಗಕ್ಕನೆ ನಿಂತ, ಬೆನ್ನು ತಿರುಗಿಸಿದ, ಬಗ್ಗಿದ, 'ಹುಸ್ಸ್' ಎಂದು ಚೀಲ ಇಳಿಸಿದ. ಚೀಲ ಇದ್ದರಲ್ಲವೇ ಇಳಿಯುವುದು! ಗಿಡದ ನೆರಳಲ್ಲಿದ್ದ ಎರಡು ಮೇಕೆ ಅವನನ್ನೇ ನೋಡಿದವು.

"ಅಯ್ಯ ನನ್ನ ಹಣೆಬರಹವೇ!" ಎಂದು ತಲೆಗೆ ಹೊಡೆದುಕೊಂಡು ಮತ್ತೆ ಓಡಿದ.

ಮೇಲೆ ಕೊನೆಯ ಗೆರೆ ಮುಟ್ಟಿದಾಗ ಅವನ ಹಿಂದೆ ಆರು ಜನ ಮಾತ್ರ ಇದ್ದರು. ಮೌಲಾಸಾಬ ಬಂದು ತೆಕ್ಕೆ ಹಾಕಿದ. ಮೇಘಾ ನೀರಿನ ಬಾಟಲಿ ಕೊಟ್ಟಳು.

"ಗೆದ್ದಿ ಅಪ್ಪಾ. ಮಾತು ಅಂದ್ರ ಮಾತು, ಹೋಗ್ತೇನಿ."

ಗೆದ್ದದ್ದು ಅಪ್ಪ, ಆದರೆ ಅವಳ ಮುಖ ಜುಲ್ಮಾನೆ ಬಿದ್ದವರ ಮುಖದಂತೆ ಸಣ್ಣದಾಗಿತ್ತು. ದುರಗಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಆಗಿಹೋಗುತ್ತಿತ್ತು. ಮೇಕೆಗಳೇನು ಸಾಕ್ಷಿ ಹೇಳಲು ಬರುತ್ತಿರಲಿಲ್ಲ. ಎರಡು ಗುಟುಕು ನೀರು ಕುಡಿದ. ಬಾಟಲಿಯ ಮುಚ್ಚಳ ಹಾಕಿದ.

"ಇಲ್ಲವಾ. ಸೋತೇನಿ. ಕೆಳಗ ಕಟ್ಟಿ ಹಂತೇಕ ನಿಂತಿದ್ನಿ."

"ಯಾಕ? ಕಾಲು ಹಿಡೀತೇನು?"

"ಚೀಲ ಇಳಸಾಕ."

"ಯಾವ ಚೀಲ?"

ದುರಗಪ್ಪ ಎದ್ದು ತೋರಿಸಿದ. ಬೆನ್ನು ತಿರುಗಿಸಿ, ಬಗ್ಗಿ, 'ಹುಸ್ಸ್' ಎಂದ. ಮೌಲಾಸಾಬ ನೆಲಕ್ಕೆ ಕುಸಿದು ನಗತೊಡಗಿದ. ಮೇಘಾಳ ತುಟಿ ಅದುರಿತು, ಆಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ದುರಗಪ್ಪ ಸೋತ ದುಃಖವನ್ನೂ ಮರೆತು ಆ ನಗುವನ್ನೇ ನೋಡುತ್ತಾ ನಿಂತ.

"ಮತ್ತ ಹೆಂಗ ಬಂದಿ ಇಲ್ಲೀತನಕ?" ಎಂದು ಕೇಳಿದಳು, ಕಣ್ಣೊರೆಸಿಕೊಂಡು.

"ಹೆಂಗ ಅಂದ್ರ? ನಿಂತಿದ್ನಿ, ಮತ್ತ ಓಡಿದ್ನಿ. ಅಲ್ಲೇ ಇರಾಕ ಬರತೈತೇನು?"

ಮೇಘಾ ತಿರುಗಿದಳು. ಏರಿನಲ್ಲಿ ಇನ್ನೂ ಬರುತ್ತಿದ್ದ ಕೊನೆಯ ಮಂದಿಯನ್ನು ಬಹಳ ಹೊತ್ತು ನೋಡಿದಳು. ಒಬ್ಬಳು ನಿಲ್ಲುತ್ತಿದ್ದಳು, ಓಡುತ್ತಿದ್ದಳು, ಮತ್ತೆ ನಿಲ್ಲುತ್ತಿದ್ದಳು.

"ನಾನೂ ನಿಂತೇನಿ, ಅಷ್ಟ," ಎಂದಳು ಕೊನೆಗೆ. "ನಾಳಿ ನಿನಗ ಪ್ಯಾಟಿ ಐತಿ. ಮಂಗಳವಾರ ಎಬ್ಬಸು. ಮೋಟೆಬೆನ್ನೂರ ತನಕ ಸಾವಕಾಶ ಹೋಗಿ ಬರೋಣು."

ದುರಗಪ್ಪನಿಗೆ ನಂಬಿಕೆಯೇ ಬರಲಿಲ್ಲ. "ಎಷ್ಟು ಸಾವಕಾಶವಾ? ನನ್ನಷ್ಟ?"

"ನಿನ್ನಷ್ಟ ಸಾವಕಾಶ ಓಡಬೇಕಂದ್ರ ನನಗ ಇನ್ನೊಂದು ವರ್ಷ ತಾಲೀಮು ಬೇಕು," ಎಂದಳು ಮೇಘಾ.