ಹಳದೀಪುರದವರೆಗೆ

ಫ್ಯಾನು ಗುಂಯ್‌ಗುಡುತ್ತಿದೆ, ಮೇಲಿನದಲ್ಲ, ಕಂಪ್ಯೂಟರಿನ ಒಳಗಿನದು, ಹಾಗಾದರೆ ಜೀವ ಇದೆ, ಪೂರ್ತಿ ಸತ್ತಿಲ್ಲ — ಆದರೆ ಏಳುವುದಿಲ್ಲ ಎನ್ನುತ್ತದೆ, ಕಪ್ಪು ಪರದೆ, ಬಿಳಿ ಅಕ್ಷರ, ಡಿಸ್ಕು ಕೆಟ್ಟಿದೆ, ನೀನೇ ಕೂತು ಸರಿಮಾಡಿಕೋ ಅಂತ, ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಅದೇ ರಾಗ. ಹಾಳು ಕರೆಂಟು, ಹೇಳದೆ ಕೇಳದೆ ಫಟ್ಟೆಂದು ಹೋಯಿತು, ಯುಪಿಎಸ್ ಇರುವುದು ಹೆಸರಿಗೆ. ಇದಕ್ಕೆ ಲಿನಕ್ಸ್ ಅನ್ನುವ ಸಿಸ್ಟಮ್ಮು ಹಾಕಿಕೊಟ್ಟವನು ಸಂತೋಷ, ಕುಮಟಾದ ಕಂಪ್ಯೂಟರ್ ಕ್ಲಾಸಿನಲ್ಲಿ ನನ್ನ ಜೊತೆ ಪಾಠ ಮಾಡುವವನು, ವೈರಸ್ಸಿಲ್ಲ ಎಂತದಿಲ್ಲ ಮಾಲಿನಿ, ಕಲ್ಲಿನ ಹಾಗಿರ್ತದೆ ಅಂದಿದ್ದ, ಈಗ ಫೋನಿನಲ್ಲಿ ಹೇಳುತ್ತಾನೆ, ರಿಪೇರಿ ಕಮಾಂಡ್ ಕೊಡು, ಅದು ಕೇಳಿದ್ದಕ್ಕೆಲ್ಲ ಹೌದು ಅಂತ ವೈ ಒತ್ತು ಮಾರಾಯ್ತಿ, ಆತು, ಅಷ್ಟೇ. ಅಷ್ಟೇ ಅಂತೆ. ಅವನ ಅಪ್ಪ ಮಾತಾಡುತ್ತಾನೆ, ಅವನಿಗೇನು. ನನ್ನಪ್ಪನ ದನಿ ಇರುವುದು ಇದರೊಳಗೆ ಮಾತ್ರ, ಗಂಟಲಿನ ಆಪರೇಶನ್ನಿಗೆ ಹೋಗುವ ಮುಂಚೆ ಮೈಕು ಹಿಡಿದು ತುಂಬಿಕೊಂಡದ್ದು, ಒಂದೇ ಒಂದು ಫೈಲು — ಎಂತ ಹೇಳೂದೆ ಇದ್ಕೆ, ಎಂತಾದ್ರೂ ಹೇಳಪ್ಪ, ನಾಚಿಕೆ, ಕೆಮ್ಮು, ಕೊನೆಗೆ ಟೆಂಪೊದ ಬಾಗಿಲಲ್ಲಿ ನಿಂತವನ ಹಾಗೆ ಭಟ್ಕಳದಿಂದ ಕುಮಟಾದವರೆಗಿನ ಸ್ಟಾಪುಗಳನ್ನು ಕೂಗಿದ, ನನಗೆ ಸಿಟ್ಟೇ ಬಂತು, ನನ್ನ ಹೆಸರು ಕರೆಯಲಿ ಅಂತಿತ್ತು, ಆದರೆ ಜನ್ಮವೆಲ್ಲ ಕಂಡಕ್ಟರಿಕೆ ಮಾಡಿದವನ ಬಾಯಲ್ಲಿ ಇನ್ನೇನು ಬರಬೇಕು. ಈಗ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಾನೆ, ಕೊರಳಿನ ತೂತಿನ ಮೇಲೆ ಬಿಳಿ ಬಟ್ಟೆ, ಉಸಿರಿಗೆ ಒಳಗೆ, ಹೊರಗೆ — ಅದನ್ನು ನೋಡಬಾರದು, ಪರದೆ ನೋಡಬೇಕು. ಹೆಸರು ಕಳಕೊಂಡ ಫೈಲು ಸಿಕ್ಕಿದೆ, ಎತ್ತಿಡಲೇ, ವೈ, ಇನ್ನೊಂದು, ಎತ್ತಿಡಲೇ, ವೈ, ವೈ, ವೈ — ತಡಿ ತಡಿ, ಇದು ಬೇರೆ, ಇದು ಅಳಿಸಲೇ ಅಂತ ಕೇಳುತ್ತಿದೆ, ಬೆರಳು ಒತ್ತಿಯಾಯಿತು, ಅಯ್ಯೋ ದೇವರೇ, ಏನು ಹೋಯಿತು, ಯಾವುದು ಹೋಯಿತು, ಸಂಖ್ಯೆ ಬಿಟ್ಟರೆ ಮತ್ತೊಂದು ಹೇಳದು ಈ ಮೂದೇವಿ. ಅಡುಗೆಮನೆಯಿಂದ ಅಮ್ಮ, ಬರ್ತದೆ ಅಂತ ಅವ್ರಿಗೆ ಆಸೆ ಹಚ್ಬೇಡ್ವೆ, ಬರ್ದಿದ್ರೆ ಎಂತ ಮಾಡೂದು, — ಗೊತ್ತಿಲ್ಲ ಅಮ್ಮ, ಹೆದರಿಕೆ ನನಗೂ ಇದೆ.

ಎದ್ದಿತು, ಬಣ್ಣ ಬಂತು, ಆದರೆ ಫೈಲು ಇಟ್ಟ ಜಾಗ ಖಾಲಿ. ದಿಕ್ಕಿಲ್ಲದ ಫೈಲುಗಳನ್ನೆಲ್ಲ ತಂದು ಹಾಕುವ ಫೋಲ್ಡರೊಂದಿದೆ, ಜನ ಮರೆತು ಇಳಿದ ಕೊಡೆಗಳನ್ನು ಅಪ್ಪ ಹಿಂದಿನ ಸೀಟಿನಡಿ ಕೂಡಿಡುತ್ತಿದ್ದನಲ್ಲ, ಹಾಗೆ, ಯಾವುದಕ್ಕೂ ಹೆಸರಿಲ್ಲ, ಬರೀ ಸಂಖ್ಯೆ. ಒಂದು ತೆರೆದೆ, ಕ್ಲಾಸಿನ ಪ್ರಶ್ನೆಪತ್ರಿಕೆ. ಇನ್ನೊಂದು, ಕಸ. ಮತ್ತೊಂದು — ಕೆಮ್ಮು. ಅಪ್ಪನ ಕೆಮ್ಮು! ಎಂತ ಹೇಳೂದೆ ಇದ್ಕೆ, ಭಟ್ಕಳ, ಶಿರಾಲಿ, ಮುರ್ಡೇಶ್ವರ, ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದು, ಮಂಕಿ, ಕಾಸರಕೋಡ, ಹೊನ್ನಾವರ ಇಳಿಯೋರು ಮುಂದೆ ಬನ್ನಿ, ಕರ್ಕಿ, ಹಳದೀಪು — ಅಷ್ಟೇ. ಮತ್ತೆ ಹಾಕಿದೆ, ಕರ್ಕಿ, ಹಳದೀಪು. ಅಳಿಸಿದ್ದು ಇದರದ್ದೇ ಬಾಲ, ನನ್ನದೇ ಬೆರಳು. ಅಪ್ಪ, ಇಷ್ಟೇ ಉಳಿದದ್ದು ಅಪ್ಪ, ಅನ್ನಬೇಕು, ತಿರುಗುತ್ತೇನೆ, ಅವನು ನನ್ನನ್ನು ನೋಡುತ್ತಿಲ್ಲ, ಸ್ಪೀಕರಿನತ್ತ ಬಗ್ಗಿದ್ದಾನೆ, ತುಟಿ ಅಲ್ಲಾಡುತ್ತಿದೆ, ರ, ಧಾರೇಶ್ವರ, ಕುಮಟಾ, ಸದ್ದಿಲ್ಲ, ಬರೀ ತುಟಿ, ಬರೀ ಗಾಳಿ, ಬಿಳಿ ಬಟ್ಟೆ ಒಳಗೆ, ಹೊರಗೆ, ಒಳಗೆ,