ಟೈರಿನ ಆ ಬದಿ

ಈ ಕಡೆ ಒತ್ತಿ ಕೂರಿಸಿದರೆ ಟೈರು ಆ ಕಡೆ ಎದ್ದು ಬರುತ್ತಿತ್ತು. ಲಿಫ್ಟು ರಿಪೇರಿಯವನು ಅಂಗಳದ ಸಿಮೆಂಟಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರವನ್ನು ಮಲಗಿಸಿಕೊಂಡು, ಬೆಳಗಿನಿಂದ ಅದರ ಜೊತೆ ಗುದ್ದಾಡುತ್ತಿದ್ದ. ಹೊಸ ಟೈರಿನ ಒಂದು ಅಂಚು ರಿಮ್ಮಿನೊಳಗೆ ಸಲೀಸಾಗಿ ಇಳಿದಿತ್ತು. ಟ್ಯೂಬೂ ಸೇರಿತ್ತು. ಎರಡನೆಯ ಅಂಚಿನದೇ ತಕರಾರು. ಇನ್ನೊಂದು ಗೇಣು ಒಳಗೆ ಹೋದರೆ ಮುಗಿಯಿತು ಎನ್ನುವಾಗ ಎದುರು ತುದಿಯಿಂದ ಪಳಕ್ಕನೆ ಹೊರಗೆ ಜಿಗಿಯುತ್ತಿತ್ತು.

ಅವನಿಗೆ ತಲೆಬುಡ ತಿಳಿಯಲಿಲ್ಲ. ಟೈರಿನ ಅಳತೆ ಅದೇ. ಟೈರು ಮೀಟುವ ಲಿವರುಗಳು ಅವೇ. ಸೋಪಿನ ನೀರು ಬಳಿದದ್ದೂ ಆಯಿತು. ಮದುವೆಯಾದಾಗಿನಿಂದ ಟೈರು ಬದಲಿಸುವುದೆಲ್ಲ ಮನೆಯಲ್ಲೇ, ತನ್ನ ಕೈಯಿಂದಲೇ. ಪಂಚರ್ ಅಂಗಡಿಯ ಕಡೆ ತಲೆ ಹಾಕಿಯೂ ಮಲಗಿದವನಲ್ಲ. ಬೀದಿಯವರ ಮುಂದೆ ಕೊಚ್ಚಿಕೊಳ್ಳಲು ಇದ್ದದ್ದೇ ಈ ಒಂದು ವಿದ್ಯೆ, ಅದೂ ಇವತ್ತು ಕೈಕೊಟ್ಟಿತ್ತು.

ಕೈಕೊಡಬಾರದ ದಿನವೇ ಕೈಕೊಟ್ಟಿತ್ತು. ಹೆಂಡತಿ ಮುನಿಸಿಕೊಂಡು ಪಕ್ಕದೂರಿನ ಅಕ್ಕನ ಮನೆಗೆ ಹೋಗಿ ವಾರವಾಗಿತ್ತು. ಅವಳು ನರ್ಸು, ಡ್ಯೂಟಿ ಮುಗಿದ ಮೇಲೂ ಅವಳ ಬಾಯಿಗೆ ರಜೆಯಿಲ್ಲ. ಅಂದು ಇವನು ತಾಳ್ಮೆಗೆಟ್ಟು, "ನೀನಿಲ್ಲ ಅಂದ್ರೆ ಈ ಮನೇಲಿ ಯಾವ ಕೆಲಸ ನಿಂತುಹೋಗುತ್ತೆ?" ಎಂದುಬಿಟ್ಟಿದ್ದ. ಅವಳು ಬ್ಯಾಗಿಗೆ ಬಟ್ಟೆ ತುಂಬಿಕೊಂಡು ಹೊರಟಳು. ಈ ಬೆಳಿಗ್ಗೆ ಷಡ್ಡಕ ಫೋನ್ ಮಾಡಿದ್ದ.

"ನೋಡಪ್ಪಾ, ಇಲ್ಲೇ ಒಂದು ಆಸ್ಪತ್ರೇಲಿ ಕೆಲಸ ಕೇಳಿದ್ದಾಳೆ. ನಾಳೆಯಿಂದ ಬಾ ಅಂದಿದ್ದಾರಂತೆ. ಕರ್ಕೊಂಡು ಹೋಗೋದಿದ್ರೆ ಇವತ್ತೇ ಬಾ. ಆಮೇಲೆ ನನ್ನ ಕೇಳ್ಬೇಡ."

ಬಸ್ಸೇನೋ ಇತ್ತು. ಆದರೆ ಬಸ್ಸಿಳಿದು ಬೆವರೊರೆಸಿಕೊಳ್ಳುತ್ತ ನಿಂತರೆ ಷಡ್ಡಕನ ನಗು ಸಹಿಸಬೇಕು. ಗಾಡಿಯಲ್ಲಿ ಹೋಗಬೇಕು, "ಹತ್ತು" ಎನ್ನಬೇಕು, ಅವಳು ತೆಪ್ಪಗೆ ಹತ್ತಬೇಕು. ಅವನ ಲೆಕ್ಕ ಹಾಗಿತ್ತು.

ಹೊಸ್ತಿಲಲ್ಲಿ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದ ಅಮ್ಮ ಕೊನೆಗೆ ಬಾಯಿಬಿಟ್ಟಳು.

"ಅವಳಿಲ್ಲದೆ ಅದು ಹೇಗೆ ಕೂರುತ್ತೋ?"

"ಯಾರಿಲ್ಲದೆ?"

"ನಿನ್ ಹೆಂಡ್ತಿ. ಟೈರಿನ ಮೇಲೆ ನಿಂತ್ಕೊಳ್ತಿದ್ಲಲ್ಲ."

"ಅವಳು ನನ್ನ ಬಯ್ಯೋಕೆ ನಿಂತ್ಕೊಳ್ತಿದ್ಲು ಕಣಮ್ಮಾ."

"ಬಯ್ಕೊಂಡೇ ನಿಂತಿರ್ತಿದ್ಲು. ನೀನು ಈ ಕಡೆ ಒತ್ತಿದ್ರೆ ಅವಳು ಆ ಕಡೆ. ನೀನು ಸರಿದ್ರೆ ಅವಳೂ ಸರೀತಿದ್ಲು. ನಾನಿಲ್ಲೇ ಕೂತು ನೋಡಿಲ್ವಾ?"

"ಇಷ್ಟು ದಿನ ಹೇಳೋಕೇನಾಗಿತ್ತು ನಿನಗೆ?"

"ನಿನಗೆ ಗೊತ್ತಿದೆ ಅಂದ್ಕೊಂಡಿದ್ದೆ."

ಸೊಸೆಯ ಪರವಾಗಿ ಅಮ್ಮ ಒಂದು ಮಾತಾಡಿದ್ದನ್ನು ಅವನು ಈವರೆಗೆ ಕೇಳಿರಲಿಲ್ಲ. ಲಿವರು ಹಿಡಿದ ಕೈ ಹಾಗೇ ನಿಂತಿತು. ಹೌದು, ಅವನು ಚಕ್ರ ಮಲಗಿಸಿದನೆಂದರೆ ಅವಳು ಬರುವಳು, ಟೈರಿನ ಮೇಲೆ ಎರಡೂ ಪಾದ ಊರಿ ನಿಂತು ದೂರು ಶುರು ಮಾಡುವಳು. ಮೇಲಿಂದ ನೋಡಿಕೊಂಡು ಬಯ್ದರೆ ಅವಳಿಗೆ ತೃಪ್ತಿ ಎಂದುಕೊಂಡಿದ್ದ. "ಬೇರೆ ಜಾಗ ಇಲ್ವಾ ನಿನಗೆ? ಇಳಿ ಅತ್ತ" ಎಂದು ಎಷ್ಟು ಸಲ ಗದರಿದ್ದನೋ. ಅವಳು ಇಳಿಯುತ್ತಿದ್ದಳು. ಆದರೆ ಇಳಿಯುವ ಹೊತ್ತಿಗೆ ಟೈರು ಕೂತಿರುತ್ತಿತ್ತು. ಅವಳಿಗೆ ಗೊತ್ತಿತ್ತೆ? ಗೊತ್ತಿದ್ದರೆ ಯಾಕೆ ಹೇಳಲಿಲ್ಲ? ಗೊತ್ತಿಲ್ಲದಿದ್ದರೆ ಪ್ರತಿ ಸಲವೂ ಸರಿಯಾದ ಜಾಗದಲ್ಲೇ ನಿಲ್ಲುತ್ತಿದ್ದದ್ದು ಹೇಗೆ? ಯಾವ ಕಡೆಯಿಂದ ಯೋಚಿಸಿದರೂ ಇನ್ನೊಂದು ಕಡೆ ಎದ್ದು ಬರುತ್ತಿತ್ತು.

ಅಮ್ಮ ಸೆರಗು ಕೊಡವಿ ಎದ್ದು ಬಂದು, ಅವನ ಹೆಗಲು ಹಿಡಿದುಕೊಂಡು ಟೈರಿನ ಮೇಲೆ ಹತ್ತಿ ನಿಂತಳು. ಹಿಡಿಯಷ್ಟು ಹೆಂಗಸು, ಟೈರಿಗೆ ಏನೂ ಅನ್ನಿಸಲಿಲ್ಲ. ಗ್ಯಾಸ್ ಸಿಲಿಂಡರ್ ತಂದು ಹೇರಿದ. ಅದು ಉರುಳಿಕೊಂಡು ಹೋಗಿ ಹೂಕುಂಡ ಒಡೆಯಿತು. ಸದ್ದಿಗೆ ಎದುರು ಮನೆಯ ಬೇಕರಿಯವರು ಗೇಟಿಗೆ ಬಂದರು. ಭರ್ಜರಿ ಆಸಾಮಿ, ನಡೆದರೆ ಅಂಗಡಿಯ ಬಾಟಲಿಗಳು ಅಲ್ಲಾಡುತ್ತವೆ.

"ನಾನು ನಿಂತ್ಕೊಳ್ಳಲೇನ್ರೀ? ಒಂದು ನಿಮಿಷದ ಕೆಲಸ."

"ಬೇಡ ಬಿಡಿ" ಎಂದುಬಿಟ್ಟ.

ಯಾಕೆ ಹಾಗೆಂದನೋ ಅವನಿಗೇ ಅರ್ಥವಾಗಲಿಲ್ಲ. ಬೇಕರಿಯವರು ಒಂದು ಕಾಲು ಇಟ್ಟಿದ್ದರೂ ಟೈರು ಕೂರುತ್ತಿತ್ತು, ಗಾಡಿ ಹೊರಡುತ್ತಿತ್ತು. ಅವನು ಮಾತ್ರ ಅರೆಬರೆ ಕೂತ ಚಕ್ರವನ್ನು ಹಗ್ಗದಿಂದ ಬಿಗಿದು, ಲಿವರುಗಳನ್ನು ಚೀಲಕ್ಕೆ ಹಾಕಿ, ಕೈತೊಳೆಯಲು ಹೋದ.

"ಅದನ್ನ ಹೊತ್ಕೊಂಡು ಎಲ್ಲಿಗೋ?" ಎಂದಳು ಅಮ್ಮ.

"ಬಸ್ಸಿಗೆ."

ಬಸ್ಸಿನಲ್ಲಿ ಚಕ್ರ ಅವನ ತೊಡೆಯ ಮೇಲೆ ಕೂತಿತ್ತು. ಪ್ಯಾಂಟಿಗೆಲ್ಲ ಕರಿ. ಕಂಡಕ್ಟರ್ ಅದನ್ನೂ ಅವನ ಮುಖವನ್ನೂ ನೋಡಿ, ಏನೂ ಕೇಳದೆ ಮುಂದೆ ಹೋದ. ಅವಳ ಮುಂದೆ ನಿಂತು ಏನು ಹೇಳುವುದು? ತಪ್ಪಾಯಿತು ಎಂದರೆ ಯಾವ ತಪ್ಪು ಎಂದು ಕೇಳುವವಳು ಅವಳು. ಭಯವಾಯಿತು. ಅವಳು ಬರುವುದಿಲ್ಲ ಎಂದರೆ ಈ ಚಕ್ರವನ್ನು ಹೀಗೇ ತೊಡೆಯ ಮೇಲಿಟ್ಟುಕೊಂಡು ವಾಪಸು ಹೋಗಬೇಕು.

ಷಡ್ಡಕ ನಗಲಿಲ್ಲ, ನಗುವುದೋ ಬಿಡುವುದೋ ಗೊತ್ತಾಗದೆ ಬಾಯಿ ತೆರೆದು ನಿಂತ. ಅವನ ಹಿಂದೆ, ಬಾಗಿಲ ಚೌಕಟ್ಟಿಗೆ ಒರಗಿ, ಕೈಕಟ್ಟಿಕೊಂಡು ಅವಳು ಬಂದು ನಿಂತಳು.

"ಗಾಡಿ ಎಲ್ಲಿ?"

"ಮನೇಲಿದೆ."

"ಚಕ್ರ ಮಾತ್ರ ತಂದ್ರಾ?"

"ಹೂಂ. ಅದು ಕೂರ್ತಿಲ್ಲ."

ಅಷ್ಟೇ ಹೇಳಲು ಬಂದದ್ದು. ಅವನು ಮೆಟ್ಟಿಲ ಮುಂದೆ ಕೂತು ಹಗ್ಗ ಬಿಚ್ಚಿದ. ಲಿವರು ತೂರಿಸಿ ಮೀಟಿದ. ಆ ಬದಿ ಮೆಲ್ಲಗೆ ಏಳತೊಡಗಿತು. ಅವನು ಲಿವರು ಬಿಡಲಿಲ್ಲ, ತಲೆ ಎತ್ತಿ ನೋಡುವ ಧೈರ್ಯವೂ ಆಗಲಿಲ್ಲ. "ಸ್ವಲ್ಪ ನಿಂತ್ಕೊಳ್ತೀಯಾ?" ಎಂದ ನೆಲಕ್ಕೆ ಹೇಳುವಂತೆ. ಬೆವರು ಕಣ್ಣಿಗಿಳಿದು ರಿಮ್ಮು ಮಸಕಾಯಿತು.

ಆಮೇಲೆ ಕೈಕೆಳಗೆ ಟೈರು ಒಂದಿಷ್ಟು ಕುಗ್ಗಿತು.

"ಅತ್ತೆಗೆ ಮಾತ್ರೆ ಕೊಟ್ಟು ಬಂದ್ರೋ, ಇಲ್ಲ ಅದೂ ಮರೆತ್ರೋ?" ಎಂದಳು ಅವಳು ಮೇಲಿನಿಂದ.